ಪುಟ್ಟ ಸ್ಕೆಚ್ಚು, ದೊಡ್ಡ ಹಾಳೆ: ಮಿನಿ ಪ್ರೊಜೆಕ್ಟರ್‌ನಿಂದ ಚಿತ್ರ ಹಿಗ್ಗಿಸುವ ಬಗೆ

ನೋಟ್‌ಬುಕ್ಕಿನ ಮೂಲೆಯಲ್ಲಿ ಗೀಚಿದ ಸ್ಕೆಚ್ಚಿನಲ್ಲಿ ಒಂದು ಜೀವ ಇರುತ್ತದೆ. ಓಡುವ ಹುಡುಗಿಯ ಬೆನ್ನು ಬಾಗಿದ ರೀತಿ, ಜಡೆ ಹಾರುವ ದಿಕ್ಕು, ಪಕ್ಕದಲ್ಲಿ ಬಿಟ್ಟ ಖಾಲಿ ಜಾಗ ಎಲ್ಲವೂ ಸರಿಯಾಗಿ ಕೂತಿರುತ್ತವೆ. ಅದನ್ನೇ ದೊಡ್ಡ ಹಾಳೆಯ ಮೇಲೆ ಕಣ್ಣಳತೆಯಲ್ಲಿ ಬರೆಯಲು ಹೋದರೆ ಬೆನ್ನು ನೆಟ್ಟಗಾಗುತ್ತದೆ, ತಲೆ ದಪ್ಪವಾಗುತ್ತದೆ, ಖಾಲಿ ಜಾಗ ಮಾಯವಾಗುತ್ತದೆ. ಪುಟ್ಟ ಚಿತ್ರವನ್ನು ನಾವು ಇಡಿಯಾಗಿ ನೋಡುತ್ತಾ ಬರೆಯುತ್ತೇವೆ. ದೊಡ್ಡದನ್ನು ಹತ್ತಿರ ನಿಂತು ತುಂಡು ತುಂಡಾಗಿ ಬರೆಯುತ್ತೇವೆ. ಅಲ್ಲೇ ಎಲ್ಲ ಕೆಡುವುದು.

ಚೌಕ ಹಾಕಿ ಹಿಗ್ಗಿಸುವುದು ಹಳೆಯ ದಾರಿ. ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಕೈಯಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಈಗಲೂ ಮಾಡುತ್ತದೆ. ಆದರೆ ಒಂದು ಮಕ್ಕಳ ಪುಸ್ತಕಕ್ಕೆ ಹತ್ತಾರು ಚಿತ್ರ ಬೇಕಾದಾಗ ಪ್ರತಿಯೊಂದಕ್ಕೂ ಚೌಕ ಹಾಕಿ, ಆಮೇಲೆ ಒಳ್ಳೆಯ ಹಾಳೆ ಸವೆಯದಂತೆ ಅಳಿಸಿ, ಅಷ್ಟರಲ್ಲಿ ಉತ್ಸಾಹವೇ ಅರ್ಧ ಕರಗಿರುತ್ತದೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ರೊಜೆಕ್ಟರ್ ಒಂದಿದ್ದರೆ ಈ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಪ್ರೊಜೆಕ್ಟರ್ ನಿಮಗೆ ಜಾಗ ತೋರಿಸಬೇಕು, ಗೆರೆ ಹೇಳಿಕೊಡಬಾರದು. ಯಾವುದು ಎಲ್ಲಿ ಕೂರಬೇಕು ಅನ್ನೋದನ್ನು ಅದರಿಂದ ತೆಗೆದುಕೊಳ್ಳಿ. ಗೆರೆಯನ್ನು ನೀವೇ ಎಳೆಯಿರಿ. ಕೆಳಗಿನ ಎಲ್ಲ ಹಂತಗಳೂ ಇದಕ್ಕಾಗಿಯೇ.

ಉದಾಹರಣೆಗೆ ಒಂದೇ ಕೆಲಸ ಹಿಡಿಯೋಣ. 12 ಸೆಂ.ಮೀ. ಉದ್ದದ ಪೆನ್ಸಿಲ್ ಸ್ಕೆಚ್ಚನ್ನು ಎ2 ಹಾಳೆಗೆ, ಅಂದರೆ 42 × 59.4 ಸೆಂ.ಮೀ.ಗೆ ಹಿಗ್ಗಿಸಬೇಕು. ಸುಮಾರು ಐದು ಪಟ್ಟು.

ಯಾವ ಪ್ರೊಜೆಕ್ಟರ್ ಸಾಕು

ಸಿನಿಮಾ ನೋಡಲು ಬೇಕಾದ ಗುಣಗಳೇ ಬೇರೆ, ನಮಗೆ ಬೇಕಾದವೇ ಬೇರೆ. ಬಣ್ಣ, ಸ್ಪೀಕರ್, ಒಳಗಿರುವ ಆ್ಯಪ್‌ಗಳು ನಮಗೆ ಮುಖ್ಯವಲ್ಲ. ನಾಲ್ಕು ವಿಷಯ ನೋಡಿ.

ಮೊದಲನೆಯದು ನಿಜವಾದ ರೆಸಲ್ಯೂಶನ್, ಅಂದರೆ ಚಿತ್ರ ಎಷ್ಟು ಪಿಕ್ಸೆಲ್‌ಗಳಿಂದ (ಬೆಳಕಿನ ಚುಕ್ಕೆಗಳಿಂದ) ಆಗಿದೆ ಎಂಬುದು. ಡಬ್ಬಿಯ ಮೇಲೆ ‘1080ಪಿ ಸಪೋರ್ಟ್’ ಎಂದಿದ್ದರೆ ಅಂಥ ವಿಡಿಯೊವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಒಳಗಿನ ಪ್ಯಾನೆಲ್ 1280 × 720 ಇರಬಹುದು, ಇನ್ನೂ ಕಡಿಮೆಯೂ ಇರಬಹುದು. ‘ನೇಟಿವ್’ ರೆಸಲ್ಯೂಶನ್ ಎಷ್ಟು ಎಂದೇ ಕೇಳಿ. ಪರೀಕ್ಷೆಯೂ ಸುಲಭ. 1920 × 1080 ಅಳತೆಯ ಚಿತ್ರದಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಪಟ್ಟೆ ತುಂಬಿಸಿ ಪ್ರೊಜೆಕ್ಟರ್‌ನಿಂದ ಬಿಡಿ. ಪಟ್ಟೆಗಳು ಬಿಡಿಬಿಡಿಯಾಗಿ ಕಂಡರೆ ಸರಿ. ಬೂದು ಬಣ್ಣದ ಅಲೆಗಳಂತೆ ಕಲೆಸಿಹೋದರೆ ಪ್ಯಾನೆಲ್ ಅಷ್ಟಿಲ್ಲ. ಎ2 ಅಳತೆಗೆ 720 ಸಾಕಾಗುತ್ತದೆ, 1080 ಇದ್ದರೆ ಒಳ್ಳೆಯದು.

ಎರಡನೆಯದು ಬೆಳಕು. ಜಾಹೀರಾತಿನಲ್ಲಿ ಬರುವ ಸಾವಿರಾರು ‘ಲ್ಯೂಮೆನ್ಸ್’ ನಂಬಬೇಡಿ. ಎಎನ್‌ಎಸ್‌ಐ ಲ್ಯೂಮೆನ್ (ಅಮೆರಿಕದ ಮಾನಕ ಸಂಸ್ಥೆಯ ವಿಧಾನದಲ್ಲಿ ಅಳೆದ ಬೆಳಕು) ಎಷ್ಟು ಎಂದು ನೋಡಿ. ನಮ್ಮ ಕೆಲಸಕ್ಕೆ 200 ಧಾರಾಳ. ಲೆಕ್ಕ ಹಾಕಿ ನೋಡೋಣ. ಎ2 ಹಾಳೆಯನ್ನು ಅಡ್ಡ ಇಟ್ಟು ಬೆಳಕಿನ ಚೌಕಟ್ಟನ್ನು ಅದರ ಎತ್ತರಕ್ಕೆ ಹೊಂದಿಸಿದರೆ ಇಡೀ ಚೌಕಟ್ಟು ಸುಮಾರು 75 × 42 ಸೆಂ.ಮೀ. ಆಗುತ್ತದೆ. 200 ಲ್ಯೂಮೆನ್ ಅಷ್ಟರ ಮೇಲೆ ಹರಡಿದರೆ 600 ಲಕ್ಸ್‌ಗಿಂತ (ಲಕ್ಸ್ ಅಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್) ಜಾಸ್ತಿ. ಮನೆಯ ಕೋಣೆಯಲ್ಲಿ ಲೈಟ್ ಹಾಕಿದಾಗಿನ ಬೆಳಕಿಗಿಂತ ಇದು ಹೆಚ್ಚು. ಅದೇ ಪ್ರೊಜೆಕ್ಟರ್‌ನಿಂದ 12 ಅಡಿ ಅಗಲದ ಗೋಡೆ ತುಂಬಿಸಿದರೆ 30 ಲಕ್ಸ್ ಕೂಡ ಉಳಿಯುವುದಿಲ್ಲ. ಅಗಲ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಗೆ ಕತ್ತಲೆ ಬೇಕೇ ಬೇಕು, ಹಾಳೆಗೆ ಪರದೆ ಎಳೆದರೆ ಸಾಕು.

ಮೂರನೆಯದು ಥ್ರೋ ರೇಶಿಯೊ. ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 1.2 ಇದ್ದರೆ 75 ಸೆಂ.ಮೀ. ಅಗಲದ ಚಿತ್ರಕ್ಕೆ 90 ಸೆಂ.ಮೀ. ದೂರ ಬೇಕು. ಜೊತೆಗೆ ಕನಿಷ್ಠ ಫೋಕಸ್ ದೂರವನ್ನೂ ನೋಡಬೇಕು. ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗದ ಪ್ರೊಜೆಕ್ಟರ್ ಕೂಡ ಸಿಗುತ್ತವೆ. ಆಗ ಹಿಂದೆ ಸರಿಸಿ, ಚೌಕಟ್ಟಿನ ನಡುವಿನ ಭಾಗವನ್ನಷ್ಟೇ ಬಳಸಬೇಕಾಗುತ್ತದೆ. ಪಿಕ್ಸೆಲ್ ಪೋಲಾಗುತ್ತದೆ.

ನಾಲ್ಕನೆಯದು, ಟ್ರೈಪಾಡ್‌ಗೆ ಸಿಕ್ಕಿಸುವ ಸ್ಕ್ರೂ ತೂತು. ಇದಿಲ್ಲದ ಪ್ರೊಜೆಕ್ಟರ್‌ನ್ನು ಪುಸ್ತಕಗಳ ಮೇಲೆ ಪೇರಿಸಿಟ್ಟು ಕೆಲಸ ಮಾಡುವುದು ತುಂಬ ಕಷ್ಟ. ಸುಮ್ನೆ ಕೈ ತಾಗಿದರೂ ಇಡೀ ಚಿತ್ರ ಜರುಗುತ್ತದೆ.

ಸ್ಕೆಚ್ ಸಿದ್ಧ ಮಾಡುವುದು

ಪ್ರೊಜೆಕ್ಟರ್ ಹಚ್ಚುವ ಮೊದಲೇ ಮುಕ್ಕಾಲು ಕೆಲಸ ಆಗಿರಬೇಕು. ಸ್ಕ್ಯಾನರ್ ಇದ್ದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು. 12 ಸೆಂ.ಮೀ. ಸ್ಕೆಚ್‌ಗೆ ಸುಮಾರು 1400 ಪಿಕ್ಸೆಲ್ ಸಿಗುತ್ತವೆ. ಅದಕ್ಕಿಂತ ಜಾಸ್ತಿ ಇದ್ದರೂ 720ರ ಪ್ಯಾನೆಲ್ ತೋರಿಸಲಾರದು. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ತೀರಾ ಹತ್ತಿರ ಹೋಗಬೇಡಿ. ಸ್ವಲ್ಪ ಮೇಲಿನಿಂದ, ಝೂಮ್ ಮಾಡಿ, ಫೋನು ಹಾಳೆಗೆ ಸಮಾನಾಂತರವಾಗಿ ಇರುವಂತೆ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚುಗಳು ಉಬ್ಬುತ್ತವೆ. ಆ ಉಬ್ಬು ಐದು ಪಟ್ಟಾಗಿ ಹಾಳೆಗೆ ಬರುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ತಂತ್ರಾಂಶಗಳಾದ ಜಿಂಪ್, ಕ್ರಿಟಾ ಎರಡೂ ಉಚಿತ. ಐಪ್ಯಾಡ್ ಇದ್ದವರು ಪ್ರೊಕ್ರಿಯೇಟ್ ಬಳಸಬಹುದು. ಮೊದಲು ಲೆವೆಲ್ಸ್ ಎಂಬ, ಕಪ್ಪು ಬಿಳುಪು ಹೊಂದಿಸುವ ಆಯ್ಕೆಯಲ್ಲಿ ಹಾಳೆಯ ಬೂದನ್ನು ಬಿಳಿ ಮಾಡಿ, ಗೆರೆಯನ್ನು ಕಪ್ಪು ಮಾಡಿ. ಆಮೇಲೆ ಪ್ರೊಜೆಕ್ಟರಿನ ನೇಟಿವ್ ಅಳತೆಯಲ್ಲೇ ಹೊಸ ಕಡತ ತೆರೆದು, ಅದರೊಳಗೆ ನಿಮ್ಮ ಹಾಳೆಯ ಅನುಪಾತದ ಒಂದು ಚೌಕಟ್ಟು ಬರೆಯಿರಿ. 1280 × 720ರಲ್ಲಿ ಎ2ಗೆ 1018 × 720 ಬರುತ್ತದೆ. ಗೆರೆ ಕಾಣಲು ಸುತ್ತ ಸ್ವಲ್ಪ ಜಾಗ ಬೇಕು, ಹಾಗಾಗಿ 990 × 700 ಇಟ್ಟುಕೊಳ್ಳಿ. ನಾಲ್ಕು ಮೂಲೆಯಲ್ಲಿ ಕೂಡಿಸುವ ಗುರುತು, ನಡುವೆ ಒಂದು ಗುರುತು. ಸ್ಕೆಚ್ಚನ್ನು ಈ ಚೌಕಟ್ಟಿನೊಳಗೆ ಕೂರಿಸಿ. ಚಿತ್ರ ಸ್ವಲ್ಪ ಎಡಕ್ಕೆ ಹೋಗಬೇಕೋ, ಆಕಾಶ ಜಾಸ್ತಿ ಬೇಕೋ, ಇಲ್ಲೇ ನಿರ್ಧರಿಸಿ. ಕತ್ತಲಲ್ಲಿ ಪೆನ್ಸಿಲ್ ಹಿಡಿದು ನಿಂತಾಗ ನಿರ್ಧರಿಸುವ ವಿಷಯ ಅಲ್ಲ.

ಚಿತ್ರ ನಿಲುವಾಗಿದ್ದರೆ ಇಲ್ಲೊಂದು ಉಪಾಯ ಇದೆ. ನಿಲುವಾಗಿಯೇ ಬಿಟ್ಟರೆ 59.4 ಸೆಂ.ಮೀ. ಎತ್ತರಕ್ಕೆ 720 ಪಿಕ್ಸೆಲ್ ಮಾತ್ರ. ಒಂದೊಂದು ಪಿಕ್ಸೆಲ್ಲೂ 0.8 ಮಿ.ಮೀ. ಆಗುತ್ತದೆ. ಕಡತದಲ್ಲೇ ಚಿತ್ರವನ್ನು ಅಡ್ಡ ತಿರುಗಿಸಿ, ಹಾಳೆಯನ್ನೂ ಬೋರ್ಡಿನ ಮೇಲೆ ಅಡ್ಡ ಅಂಟಿಸಿ. ಈಗ ಪಿಕ್ಸೆಲ್ 0.6 ಮಿ.ಮೀ.ಗೆ ಇಳಿಯುತ್ತದೆ. ಮುಖವನ್ನು ಅಡ್ಡ ಬರೆಯಲು ಮೊದಮೊದಲು ವಿಚಿತ್ರ ಅನಿಸುತ್ತದೆ. ಆದರೆ ನಾವು ಗುರುತಷ್ಟೇ ಹಾಕುವುದರಿಂದ ತೊಂದರೆಯಿಲ್ಲ. ಇನ್ನೊಂದು ಲಾಭವೂ ಇದೆ: ತಿರುಗಿಸಿ ನೋಡಿದಾಗ ಕಣ್ಣು ‘ಮೂಗು’ ಅಂದುಕೊಳ್ಳದೆ ಆಕಾರವನ್ನೇ ನೋಡುತ್ತದೆ.

ಮುಖ, ಕೈಬೆರಳುಗಳ ವಿಷಯದಲ್ಲಿ ಎಚ್ಚರ ಬೇಕು. ಪುಟ್ಟ ಸ್ಕೆಚ್ಚಿನಲ್ಲಿ ಕಣ್ಣು ಒಂದು ಚುಕ್ಕೆ ಅಷ್ಟೆ. 1 ಮಿ.ಮೀ. ಆಚೀಚೆ ಆಗಿದ್ದರೆ ದೊಡ್ಡ ಹಾಳೆಯಲ್ಲಿ ಅದು 5 ಮಿ.ಮೀ. ದೂರ ಹೋಗಿರುತ್ತದೆ. ಅಂಥ ಭಾಗಗಳನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಸ್ಕೆಚ್ ಮಾಡಿ, ಸ್ಕ್ಯಾನ್ ಮಾಡಿ, ಕಡತದಲ್ಲಿ ಸರಿಯಾದ ಜಾಗಕ್ಕೆ ಕಿರಿದು ಮಾಡಿ ಕೂರಿಸಿ. ಮೈಯ ಚಲನೆ ಪುಟ್ಟ ಸ್ಕೆಚ್ಚಿನಿಂದ, ಮುಖದ ವಿವರ ದೊಡ್ಡ ಸ್ಕೆಚ್ಚಿನಿಂದ. ನನ್ನ ಪ್ರಕಾರ ಇಡೀ ವಿಧಾನದಲ್ಲಿ ಅತ್ಯಂತ ಬೆಲೆಬಾಳುವ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಇನ್ನು ಗೆರೆಯ ಬಣ್ಣ. ಕಪ್ಪು ಗೆರೆ ಬಿಟ್ಟರೆ ಅದರ ಮೇಲೆ ಎಳೆದ ಪೆನ್ಸಿಲ್ ಕಾಣುವುದಿಲ್ಲ. ಎರಡೂ ಕಪ್ಪು, ಅಲ್ವಾ? ಸ್ಕೆಚ್ಚಿನ ಗೆರೆಯನ್ನು ಕೆಂಪು ಮಾಡಿ, ಹಿನ್ನೆಲೆಯನ್ನು ತಿಳಿಬೂದು ಮಾಡಿ. ಈಗ ಎಳೆದದ್ದು ಯಾವುದು, ಬಾಕಿ ಯಾವುದು ಎಂದು ತಕ್ಷಣ ಗೊತ್ತಾಗುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಹಾಳೆಯಾದರೆ ಉಲ್ಟಾ ಮಾಡಿ: ಹಿನ್ನೆಲೆ ಕಪ್ಪು, ಗೆರೆ ಬಿಳಿ.

ಕೊನೆಗೆ ಎರಡನೆಯ ಕಡತ ಒಂದು ಮಾಡಿ. ಅದರಲ್ಲಿ ಬರೀ ಬಿಳಿ. ಇದರ ಉಪಯೋಗ ಆಮೇಲೆ ಹೇಳುತ್ತೇನೆ.

ಜೋಡಿಸುವುದು

ಹಾಳೆಯನ್ನು ಗಟ್ಟಿ ಬೋರ್ಡಿಗೆ ಮಾಸ್ಕಿಂಗ್ ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ. ಜಲವರ್ಣದ ಹಾಳೆ ಮೊದಲೇ ನೆನೆಸಿ ಬಿಗಿದಿದ್ದರೆ ಪೂರ್ತಿ ಒಣಗಿರಬೇಕು. ಸುಕ್ಕಿದ್ದ ಕಡೆ ಗೆರೆಯೂ ಬಾಗುತ್ತದೆ.

ಪ್ರೊಜೆಕ್ಟರ್ ನೇರ ಎದುರಿಗಿದ್ದರೆ ನಿಮ್ಮ ಮೈಯ ನೆರಳೇ ಚಿತ್ರ ಮುಚ್ಚುತ್ತದೆ. ಬಲಗೈಯವರಾದರೆ ಅದನ್ನು ಎಡಗಡೆ, ಭುಜಕ್ಕಿಂತ ಮೇಲೆ ಇಡಿ. ಎಡಗೈಯವರು ಬಲಗಡೆ. ಹಾಗೆ ಇಟ್ಟಾಗ ಚಿತ್ರ ಓರೆಯಾಗುತ್ತದೆ. ಎಲ್ಲರೂ ಮಾಡುವುದೇನು? ಕೀಸ್ಟೋನ್ ಬಟನ್ ಒತ್ತುತ್ತಾರೆ. ಅದು ಪಿಕ್ಸೆಲ್‌ಗಳನ್ನು ಹಿಸುಕಿ ಚಿತ್ರವನ್ನು ನೇರ ಮಾಡುತ್ತದೆ. ಚೂಪು ಹೋಗುತ್ತದೆ, ಅಂಚುಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ಅದರ ಬದಲು ಬೋರ್ಡನ್ನು ತಿರುಗಿಸಿ. ಬೆಳಕು ಮೇಲಿನಿಂದ ಬರುತ್ತಿದ್ದರೆ ಬೋರ್ಡು ನಿಲ್ಲಿಸಿದ ಈಸೆಲ್ ಹಿಂದಕ್ಕೆ ಬಾಗಲಿ. ಎಡದಿಂದ ಬರುತ್ತಿದ್ದರೆ ಬೋರ್ಡಿನ ಮುಖ ಎಡಕ್ಕೆ ತಿರುಗಲಿ. ಹಾಳೆ ಲೆನ್ಸಿಗೆ ನೇರ ಮುಖ ಮಾಡಿದರೆ ಯಾವ ಬಟನ್ನೂ ಬೇಡ. ಗೋಡೆಯನ್ನು ತಿರುಗಿಸಲು ಆಗುವುದಿಲ್ಲ, ಹಾಳೆಯನ್ನು ತಿರುಗಿಸಬಹುದು. ನಮಗಿರುವ ಈ ಅನುಕೂಲವನ್ನು ಬಳಸಿಕೊಳ್ಳಿ.

ಮೇಜಿನ ಮೇಲೆ ಮಲಗಿಸಿದ ಹಾಳೆಗೆ ಮೇಲಿನಿಂದ ಬೆಳಕು ಬಿಡುವವರೂ ಇದ್ದಾರೆ. ಕೂತು ಕೆಲಸ ಮಾಡಬಹುದು ಎನ್ನುವುದು ನಿಜ. ಆದರೆ ಕೆಳಮುಖವಾಗಿ ಬಳಸಬಹುದೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ, ಬಿಸಿಗಾಳಿ ಹೊರಹೋಗುವ ಕಿಂಡಿ ಮುಚ್ಚಿಹೋಗದಿರಲಿ. ಪ್ರೊಜೆಕ್ಟರನ್ನು ಅಡ್ಡ ಇಟ್ಟು ಕನ್ನಡಿಯಿಂದ ಬೆಳಕನ್ನು ಕೆಳಗೆ ತಿರುಗಿಸುವುದಾದರೆ ಮಾಮೂಲಿ ಕನ್ನಡಿ ಆಗದು. ಗಾಜಿನ ಮುಂದಿನಿಂದ ಒಂದು, ಹಿಂದಿನ ಲೇಪದಿಂದ ಇನ್ನೊಂದು, ಹೀಗೆ ಜೋಡಿ ಗೆರೆ ಬೀಳುತ್ತದೆ.

ಪ್ರೊಜೆಕ್ಟರ್ ಹಚ್ಚಿ ಕಾಲು ಗಂಟೆ ಹಾಗೇ ಬಿಡಿ. ಬಿಸಿಯಾಗುತ್ತಾ ಲೆನ್ಸಿನ ಫೋಕಸ್ ಸ್ವಲ್ಪ ಜರುಗುತ್ತದೆ. ಆಮೇಲೆ ಫೋಕಸ್ ಮಾಡಿ. ನಡುವೆ ಮಾತ್ರ ನೋಡಿ ಫೋಕಸ್ ಮಾಡಬೇಡಿ. ಕಡಿಮೆ ಬೆಲೆಯ ಲೆನ್ಸುಗಳಲ್ಲಿ ಮೂಲೆಗಳು ಮಸುಕಾಗಿರುತ್ತವೆ. ನಡುವಿಗೂ ಅಂಚಿಗೂ ಮಧ್ಯದಲ್ಲಿ ಒಂದು ಜಾಗ ಆರಿಸಿ ಅದನ್ನು ಚೂಪು ಮಾಡಿದರೆ ಎಲ್ಲೆಡೆ ನಡೆಯುತ್ತದೆ. ಮುಖ್ಯ ಮುಖ ಇರುವ ಜಾಗವನ್ನೇ ಆರಿಸಿದರೆ ಇನ್ನೂ ಒಳ್ಳೆಯದು.

ಆಟೋ ಫೋಕಸ್, ಆಟೋ ಕೀಸ್ಟೋನ್ ಎರಡನ್ನೂ ಆಫ್ ಮಾಡಿ. ಬೀದಿಯಲ್ಲಿ ಲಾರಿ ಹೋದ ನಡುಕಕ್ಕೂ ಕೆಲವು ಪ್ರೊಜೆಕ್ಟರ್‌ಗಳು ಮತ್ತೆ ಹೊಂದಿಸಿಕೊಳ್ಳಲು ಶುರು ಮಾಡುತ್ತವೆ. ಅರ್ಧ ಚಿತ್ರ ಆಗಿರುವಾಗ ಹೀಗಾದರೆ ಅಳು ಬರುತ್ತದೆ. ಸ್ಲೈಡ್‌ಶೋ, ಸ್ಲೀಪ್ ಟೈಮರ್ ಕೂಡ ಆಫ್. ಕಡತವನ್ನು ಪೆನ್‌ಡ್ರೈವಿನಿಂದಲೋ ಎಚ್‌ಡಿಎಂಐ ಕೇಬಲ್ಲಿನಿಂದಲೋ ಕೊಡಿ. ಮೊಬೈಲಿನಿಂದ ಕಾಸ್ಟ್ ಮಾಡಿದರೆ ಒಂದು ಕರೆ ಬಂದರೂ ಚಿತ್ರ ಹೋಗುತ್ತದೆ, ಫೋನಿನ ಪರದೆಯ ಅನುಪಾತ ಬೇರೆಯಾದ್ದರಿಂದ ಪಿಕ್ಸೆಲ್ಲೂ ಕಡಿಮೆಯಾಗುತ್ತದೆ.

ನೇರ ಮಾಡುವುದು

ಇಲ್ಲಿ ಆತುರ ಬೇಡ. ಹಾಳೆಯ ಮೇಲೆ ಬಿದ್ದ ಚೌಕಟ್ಟನ್ನು ಅಳತೆ ಪಟ್ಟಿಯಿಂದ ಅಳೆಯಿರಿ. ಎಡಗೆರೆ, ಬಲಗೆರೆ ಸಮ ಇವೆಯೇ? ಮೇಲಿನದು, ಕೆಳಗಿನದು? ಯಾವ ಬದಿ ಉದ್ದ ಬರುತ್ತದೋ ಆ ಬದಿ ಲೆನ್ಸಿನಿಂದ ದೂರ ಇದೆ ಎಂದರ್ಥ. ಬೋರ್ಡಿನ ಆ ಬದಿಯನ್ನು ಸ್ವಲ್ಪ ಮುಂದೆ ತನ್ನಿ. ನಾಲ್ಕೂ ಬದಿ ಸರಿಯಾದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಪೂರ್ತಿ ಎ2 ಚೌಕಟ್ಟಾದರೆ ಎರಡೂ 72.7 ಸೆಂ.ಮೀ. ಬರಬೇಕು. ಒಂದೆರಡು ಮಿ.ಮೀ. ವ್ಯತ್ಯಾಸ ಬಿಟ್ಟುಬಿಡಿ. ಐದು ಮಿ.ಮೀ. ಇದ್ದರೆ ಬಿಡಬೇಡಿ.

ಸರಿಯಾದ ಮೇಲೆ ನಾಲ್ಕು ಮೂಲೆ, ನಡುವಿನ ಗುರುತು ಐದನ್ನೂ ಹಾಳೆಯ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಹಾಕಿಕೊಳ್ಳಿ. ಟ್ರೈಪಾಡಿನ ಕಾಲು, ಈಸೆಲ್ಲಿನ ಕಾಲುಗಳ ಸುತ್ತ ನೆಲಕ್ಕೆ ಟೇಪ್ ಹಚ್ಚಿ. ಕರೆಂಟ್ ಹೋಗಿ ಬಂದರೆ, ಯಾರೋ ಬಾಗಿಲು ದೂಡಿ ಒಳಬಂದರೆ, ಈ ಗುರುತುಗಳೇ ನಿಮ್ಮನ್ನು ಕಾಪಾಡುವುದು. ಫ್ಯಾನ್ ಗಾಳಿಗೆ ಹಗುರ ಟ್ರೈಪಾಡ್ ಅಲುಗುತ್ತದೆ. ಅದರ ನಡುಕಂಬಕ್ಕೆ ಒಂದು ನೀರಿನ ಬಾಟಲಿ ನೇತುಹಾಕಿ.

ಪೆನ್ಸಿಲ್ ಹಿಡಿದಾಗ

ಜಲವರ್ಣಕ್ಕೆ ಎಚ್ ಅಥವಾ ಎಚ್‌ಬಿ ಪೆನ್ಸಿಲ್, ತೀರಾ ಹಗುರ ಒತ್ತಡ. ಬಣ್ಣ ಹಚ್ಚಿದ ಮೇಲೆ ಕೆಳಗಿನ ಗೆರೆ ಅಳಿಸುವುದು ಕಷ್ಟ. ಮೇಲೆ ಇಂಕ್ ಬರುವುದಾದರೆ ಇಷ್ಟು ಎಚ್ಚರ ಬೇಕಿಲ್ಲ.

ಐದು ಪಟ್ಟು ಹಿಗ್ಗಿದಾಗ ಅರ್ಧ ಮಿ.ಮೀ. ಪೆನ್ಸಿಲ್ ಗೆರೆ ಎರಡೂವರೆ ಮಿ.ಮೀ. ದಪ್ಪದ ಪಟ್ಟಿಯಾಗುತ್ತದೆ. ಅದರ ಯಾವ ಅಂಚು ಹಿಡಿಯಬೇಕು? ಹೊರ ಅಂಚು ಹಿಡಿದರೆ ಎಲ್ಲರೂ ದಪ್ಪಗಾಗುತ್ತಾರೆ. ಒಳ ಅಂಚು ಹಿಡಿದರೆ ಸೊರಗುತ್ತಾರೆ. ನಡುವೆ ಹಿಡಿಯಿರಿ, ಉದ್ದಕ್ಕೂ ಅದನ್ನೇ ಪಾಲಿಸಿ.

ಮೊದಲು ದೊಡ್ಡ ಆಕಾರಗಳ ತಿರುವುಗಳಲ್ಲಿ ಚುಕ್ಕೆ ಅಥವಾ ಚಿಕ್ಕ ಗೀಟು ಹಾಕಿ. ತಲೆಯ ಮೇಲ್ತುದಿ, ಗಲ್ಲ, ಭುಜ, ಮೊಣಕೈ, ಸೊಂಟ, ಹಿಮ್ಮಡಿ. ಬಟ್ಟೆಯ ಮಡಿಕೆ ಎಲ್ಲಿ ಶುರು, ಎಲ್ಲಿ ಕೊನೆ. ಮುಖದಲ್ಲಿ ಕಣ್ಣಿನ ಎರಡು ತುದಿ, ಮೂಗಿನ ಬುಡ, ತುಟಿಯ ಮೂಲೆಗಳು. ಮನೆ, ಕಂಬ, ಬಾಗಿಲಿನಂಥ ನೇರ ಗೆರೆಗಳಿಗೆ ಎರಡು ತುದಿ ಗುರುತು ಹಾಕಿ, ಲೈಟ್ ಹಾಕಿದ ಮೇಲೆ ಅಳತೆ ಪಟ್ಟಿಯಿಂದ ಸೇರಿಸಿ. ಎಲೆ, ಹುಲ್ಲು, ಕೂದಲು ಇವನ್ನು ಬೆಳಕಿನ ಮೇಲೆ ಬರೆಯಲೇಬೇಡಿ. ಅವುಗಳ ಹೊರಗಿನ ಆಕಾರ ಸಾಕು.

ಇಡೀ ಗೆರೆಯನ್ನು ಬೆಳಕಿನ ಮೇಲೆ ತಿದ್ದುತ್ತಾ ಹೋದರೆ ಏನಾಗುತ್ತದೆ ಗೊತ್ತೇ? ಕೈ ನಿಧಾನವಾಗುತ್ತದೆ, ಗೆರೆ ನಡುಗುತ್ತದೆ, ಎಲ್ಲ ಗೆರೆಯೂ ಒಂದೇ ದಪ್ಪ ಆಗುತ್ತದೆ. ನೋಡಿದವರಿಗೆ ಟ್ರೇಸ್ ಮಾಡಿದ್ದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸ್ಕೆಚ್ಚಿನಲ್ಲಿದ್ದ ಜೀವ ಉಳಿಸಲೆಂದೇ ನಾವು ಇಷ್ಟೆಲ್ಲ ಮಾಡುತ್ತಿರುವುದು, ಹಾಗಾಗಿ ಇಲ್ಲಿ ಅದನ್ನು ಕೊಲ್ಲಬಾರದು.

ನಡುನಡುವೆ ರಿಮೋಟ್ ಒತ್ತಿ ಎರಡನೆಯ ಕಡತಕ್ಕೆ, ಆ ಬರೀ ಬಿಳಿಗೆ ಹೋಗಿ. ಸ್ಕೆಚ್ ಮರೆಯಾಗಿ ಹಾಳೆ ಬೆಳಗುತ್ತದೆ. ನೀವು ಹಾಕಿದ್ದು ಮಾತ್ರ ಕಾಣುತ್ತದೆ. ಎದ್ದು ಹೋಗಿ ಲೈಟ್ ಹಾಕುವ ಅಗತ್ಯವೇ ಇಲ್ಲ. ಏನು ಬಿಟ್ಟುಹೋಗಿದೆ ನೋಡಿ, ಮತ್ತೆ ಸ್ಕೆಚ್‌ಗೆ ಬನ್ನಿ.

ಗುರುತುಗಳು ಮುಗಿದ ಮೇಲೆ ಪ್ರೊಜೆಕ್ಟರ್ ಆರಿಸಿ. ಮೂಲ ಸ್ಕೆಚ್ಚನ್ನು ಪಕ್ಕದಲ್ಲಿ ಅಂಟಿಸಿಕೊಂಡು, ಭುಜದಿಂದ ಕೈ ಬೀಸಿ ಗೆರೆ ಎಳೆಯಿರಿ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ, ಒಂದೇ ಉಸಿರಿನಲ್ಲಿ. ಗೆರೆ ಚುಕ್ಕೆಯಿಂದ ಕೂದಲೆಳೆ ಆಚೆ ಹೋದರೂ ಪರವಾಗಿಲ್ಲ. ಯಾವ ಗೆರೆ ದಪ್ಪ, ಯಾವುದು ತೆಳು, ಯಾವುದು ಕಡಿದು ಹೋಗಬೇಕು ಎಂಬುದನ್ನು ಈ ಅಳತೆಗೆ ತಕ್ಕಂತೆ ಹೊಸದಾಗಿ ಯೋಚಿಸಬೇಕು.

ಇದು ಮೋಸವಾ?

ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ವಿಲಿಯಂ ಹೈಡ್ ವೊಲ್ಲಾಸ್ಟನ್ 1806ರಲ್ಲೇ ಕ್ಯಾಮೆರಾ ಲೂಸಿಡಾಗೆ ಪೇಟೆಂಟ್ ಪಡೆದಿದ್ದ. ಗಾಜಿನ ಪಟ್ಟಕದ ಮೂಲಕ ಎದುರಿನ ದೃಶ್ಯವನ್ನು ಹಾಳೆಯ ಮೇಲೆ ಕಾಣಿಸುವ ಸಲಕರಣೆ ಅದು. ಅಮೆರಿಕದ ಹೆಸರಾಂತ ಚಿತ್ರಕಾರ ನಾರ್ಮನ್ ರಾಕ್‌ವೆಲ್ ‘ಬಾಲಾಪ್ಟಿಕನ್’ ಎಂಬ ಪ್ರೊಜೆಕ್ಟರ್ ಬಳಸುತ್ತಿದ್ದರು. ನಿಮ್ಮದೇ ಸ್ಕೆಚ್ಚನ್ನು ನಿಮ್ಮದೇ ಹಾಳೆಗೆ ಹಿಗ್ಗಿಸುವುದರಲ್ಲಿ ಯಾರಿಗೂ ಮೋಸವಿಲ್ಲ. ಬೇರೆಯವರ ಫೋಟೊ ಅಥವಾ ಚಿತ್ರವನ್ನು ಅನುಮತಿ ಇಲ್ಲದೆ ಹಾಳೆಯ ಮೇಲೆ ಬಿಟ್ಟು ತಿದ್ದಿ ತನ್ನದೆಂದು ಮಾರಿದರೆ ಅದು ಮೋಸ, ಪ್ರೊಜೆಕ್ಟರ್ ಇರಲಿ ಬಿಡಲಿ. ಆದರೆ ಕಲಿಯುತ್ತಿರುವವರಿಗೆ ನನ್ನ ಮನವಿ ಒಂದೇ: ಕಣ್ಣಳತೆಯ ಅಭ್ಯಾಸ ಬಿಡಬೇಡಿ. ಚೆನ್ನಾಗಿ ಬರೆಯಬಲ್ಲವರ ಕೈಯಲ್ಲಷ್ಟೇ ಆ ಚುಕ್ಕೆಗಳು ಚಿತ್ರವಾಗುತ್ತವೆ.

ಗೋಡೆಯ ಮೇಲೆ ಬರೆಯುವುದಾದರೆ

ಶಾಲೆಯ ಗೋಡೆ, ಮನೆಯ ಹಾಲ್, ಅಂಗಡಿ, ಎಲ್ಲಕ್ಕೂ ಇದೇ ವಿಧಾನ. ಸ್ವಲ್ಪ ಬದಲಾವಣೆ ಮಾತ್ರ. ಹೊರಗಿನ ಗೋಡೆಯಾದರೆ ಪೂರ್ತಿ ಕತ್ತಲಾಗುವವರೆಗೂ ಕಾಯಬೇಕು. ಬೀದಿದೀಪ ನೇರ ಬೀಳುವ ಗೋಡೆಗೆ 200 ಲ್ಯೂಮೆನ್ ಸಾಲದು. ಥ್ರೋ ರೇಶಿಯೊ 1.2 ಆದರೆ 12 ಅಡಿ ಅಗಲಕ್ಕೆ ಹದಿನಾಲ್ಕೂವರೆ ಅಡಿ ಹಿಂದೆ ಹೋಗಲು ಜಾಗ ಬೇಕು. ಇಲ್ಲದಿದ್ದರೆ ಚಿತ್ರವನ್ನು ಎರಡು ಕಡತ ಮಾಡಿ, ನಡುವೆ ಒಂದು ಅಡಿಯಷ್ಟು ಭಾಗ ಎರಡರಲ್ಲೂ ಬರುವಂತೆ ಇಡಿ. ಮೊದಲ ಭಾಗ ಗುರುತು ಹಾಕಿ, ಪ್ರೊಜೆಕ್ಟರ್ ಸರಿಸಿ, ಎರಡನೆಯದನ್ನು ಆ ಗುರುತುಗಳಿಗೆ ಕೂಡಿಸಿ.

ಗೋಡೆಯ ಅಂಚುಗಳನ್ನು ನಂಬಬೇಡಿ, ನೆಲವೂ ಸಮ ಇರುವುದಿಲ್ಲ. ಗಾರೆಯವರ ನೀರಿನ ಲೆವೆಲ್ ಪೈಪ್ ಹಿಡಿದು ಒಂದು ಅಡ್ಡಗೆರೆ, ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ಒಂದು ನೆಟ್ಟಗೆರೆ ಹಾಕಿಕೊಳ್ಳಿ. ಚೌಕಟ್ಟನ್ನು ಅವಕ್ಕೆ ಹೊಂದಿಸಿ. ಇಲ್ಲಿ ಕೀಸ್ಟೋನ್ ಬಳಸದೆ ಗತಿಯಿಲ್ಲ, ಆದಷ್ಟು ಕಡಿಮೆ ಬಳಸಿ. ಕೇಬಲ್ಲನ್ನು ನೆಲಕ್ಕೆ ಟೇಪ್ ಹಾಕಿ, ಕತ್ತಲಲ್ಲಿ ಏಣಿ ಇಳಿಯುವಾಗ ಕಾಲಿಗೆ ಸಿಗಬಾರದು. ಏಣಿಯ ಮೇಲೆ ನಿಂತು ತಿರುಗಿದಾಗ ಲೆನ್ಸಿನ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ. ಗೋಡೆಗೇ ಮುಖ ಮಾಡಿ ಇಳಿಯಿರಿ, ಕೆಳಗೆ ಒಬ್ಬರು ಏಣಿ ಹಿಡಿದಿರಲಿ.

ಗುರುತಿಗೆ ಸೀಮೆಸುಣ್ಣ ಅಥವಾ ತಿಳಿಬಣ್ಣದ ಪೆನ್ಸಿಲ್ ಸಾಕು. ಸ್ಕೆಚ್ ಪೆನ್ನು, ಮಾರ್ಕರ್ ಬೇಡವೇ ಬೇಡ. ಅದರ ಇಂಕು ಎಮಲ್ಶನ್ ಬಣ್ಣದ ಮೂಲಕ ಮೇಲೆ ಬರುತ್ತದೆ. ಎರಡು ಕೋಟ್ ಹೊಡೆದರೂ ತಿಳಿ ಬಣ್ಣದ ಆಕಾಶದಲ್ಲಿ ಕಪ್ಪು ನೆರಳಾಗಿ ಕಾಣುತ್ತಲೇ ಇರುತ್ತದೆ.